ರೊಟ್ಟಿಯ ಯಂತ್ರವನ್ನು ನೋಡಹೋದದ್ದು

ಕಳೆದ ಮಾಘಮಾಸದಲ್ಲಿ ಬೆಂಗಳೂರಿನಲ್ಲಿರುವ ನಮ್ಮ ಚಿರಂಜೀವಿಯು ತನ್ನ ತಾಯಿಗೆಂದು ಒಂದು ಪೆಟ್ಟಿಗೆಯನ್ನು ಕಳಿಸಿದನು. ಅದರೊಳಗೆ ವಿದ್ಯುಚ್ಛಕ್ತಿಯಿಂದ ನಡೆಯುವ ರೊಟ್ಟಿಯ ಯಂತ್ರವೊಂದಿದ್ದಿತು. ಎರಡು ದುಂಡನೆಯ ಕಪ್ಪು ಫಲಕಗಳು. ಅವುಗಳ ನಡುವೆ ಹಿಟ್ಟಿನ ಉಂಡೆಯನ್ನಿಟ್ಟು ಹಿಡಿಕೆಯನ್ನೊತ್ತಿದರೆ ಉಂಡೆಯು ಚಪ್ಪಟೆಯಾಗಿ ಅಲ್ಲಿಯೇ ಬೇಯುವದು. ಇಂಥದೊಂದು ಮನೆಗೆ ಬಂದುದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಮನೆಯವರ ಬಲಗೈಯ ಮಣಿಕಟ್ಟು ಎರಡು ವರ್ಷಗಳಿಂದ ನೋಯುತ್ತಿರುವದು. ವೈದ್ಯರು ಪಟ್ಟಿ ಕಟ್ಟಿ, ಇನ್ನು ರೊಟ್ಟಿ ಬಡಿಯುವದನ್ನು ನಿಲ್ಲಿಸಬೇಕೆಂದು ಅಪ್ಪಣೆ ಮಾಡಿದರು. ಪಟ್ಟಿಯು ಎಂಟು ದಿವಸ ಇದ್ದಿತು. ಅಪ್ಪಣೆಯು ಒಂದು ದಿವಸವೂ ನಡೆಯಲಿಲ್ಲ.

ನಾನು ಲೆಕ್ಕದ ಮಾಸ್ತರನಲ್ಲ. ಸಂಸ್ಕೃತ ಕನ್ನಡಗಳನ್ನು ಕಲಿಸಿ ನಿವೃತ್ತನಾದವನು. ಆದರೂ ಒಂದು ರಾತ್ರಿ ನಿದ್ದೆ ಬಾರದಾಗ ಲೆಕ್ಕ ಹಾಕಿ ನೋಡಿದೆನು. ದಿನಕ್ಕೆ 15 ರೊಟ್ಟಿಗಳೆಂದು ಹಿಡಿದರೂ ನಮ್ಮ 35 ವರ್ಷಗಳ ಸಂಸಾರದಲ್ಲಿ 1,91,625 ರೊಟ್ಟಿಗಳಾದುವು. ಒಂದೊಂದು ರೊಟ್ಟಿಗೆ ಎಷ್ಟು ಬಡಿತಗಳೆಂಬದನ್ನು ಲೆಕ್ಕಿಸಲು ಧೈರ್ಯ ಸಾಲಲಿಲ್ಲ. ಹಬ್ಬ ಹುಣ್ಣಿವೆ, ಬಂಧುಬಾಂಧವರು, ಅವರ ತವರಿನಲ್ಲಿ ಬಡಿದವು, ಇವೆಲ್ಲ ಬೇರೆ.

ಯಂತ್ರ ಬಂದ ದಿನವೇ ಅದರ ಪರೀಕ್ಷೆಯಾಯಿತು. ಗೋದಿಯ ಹಿಟ್ಟಿನ ಉಂಡೆಯನ್ನಿಟ್ಟಾಗ ಚಪಾತಿಯು ಚೆನ್ನಾಗಿಯೇ ಉಬ್ಬಿ ಎದ್ದಿತು. ನಾನು ಸಂತೋಷದಿಂದ ಕೈ ತಟ್ಟಿದೆನು. ಮನೆಯವರು ಏನೂ ಮಾತಾಡದೆ ಜೋಳದ ಹಿಟ್ಟಿನ ಉಂಡೆಯನ್ನಿಟ್ಟು ಹಿಡಿಕೆಯನ್ನೊತ್ತಿದರು. ತೆಗೆದು ನೋಡಿದರೆ ಅಂಚೆಲ್ಲ ಸೀಳಿ, ನಡುವೆ ದಪ್ಪವಾಗಿ, ಭೂಗೋಲದ ನಕಾಶೆಯೊಳಗಿನ ಯಾವದೋ ದ್ವೀಪದಂತೆ ಕಾಣುತ್ತಿದ್ದಿತು. ಮೂರು ಸಲ ಮಾಡಿದರೂ ಮೂರು ದ್ವೀಪಗಳಾದವೇ ಹೊರತು ರೊಟ್ಟಿಯಾಗಲಿಲ್ಲ.

“ಇದು ಗೋದಿ ಊರಿಂದ ಬಂದೈತ್ರಿ, ಜ್ವಾಳದ ಭಾಷಾ ಇದಕ್ಕ ಬರೂದಿಲ್ಲ” ಎಂದು ಅವರು ಹಂಚನ್ನು ಒಲೆಯ ಮೇಲಿಟ್ಟರು.

ಆ ಮಾತಿನಲ್ಲಿ ಶಾಸ್ತ್ರವೂ ಇರುವದು. ಗೋದಿಯಲ್ಲಿ ಗ್ಲುಟೆನ್ ಎಂಬದು ಉಂಟಾಗುವದು. ನೀರು ಬಿದ್ದು ನಾದಿದೊಡನೆ ಅದು ರಬ್ಬರಿನ ಎಳೆಗಳಂತೆ ಬಲೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುವದು. ಎಳೆದರೂ ಒತ್ತಿದರೂ ಹರಿಯದು. ಜೋಳದಲ್ಲಿ ಅದಿಲ್ಲ. ಆದುದರಿಂದಲೇ ನಮ್ಮ ಹೆಣ್ಣುಮಕ್ಕಳು ಜೋಳದ ಹಿಟ್ಟಿಗೆ ತಣ್ಣೀರು ಹಾಕದೆ ಕುದಿಯುವ ಎಸರನ್ನು ಹೊಯ್ಯುವರು. ಎಸರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟವು ಅರೆಬೆಂದು ಗಂಜಿಯಂತಾಗುವದು. ಆ ಗಂಜಿಯೇ ಜೋಳಕ್ಕೆ ಅಂಟು. ಎಸರು ಕಡಿಮೆಯಾದರೆ ರೊಟ್ಟಿ ಸೀಳುವದು, ಹೆಚ್ಚಾದರೆ ಕೈಗೆ ಮೆತ್ತುವದು. ಹಿಟ್ಟು ಹಳತಾದರೆ ಜಿಗಿ ಹೋಗುವದು. ನಾದಿ ಹೊತ್ತು ಬಿಟ್ಟರೂ ಕೆಟ್ಟಿತು. ಇಷ್ಟನ್ನೆಲ್ಲ ಯಾವ ಪುಸ್ತಕವನ್ನೂ ಓದದೆ ಬೆರಳ ತುದಿಯಿಂದಲೇ ತಿಳಿದುಕೊಂಡು, ಆಮೇಲೆ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಡಿಯಹತ್ತಿದರೆ, ರೊಟ್ಟಿಯು ಅಂಗೈಯ ಕೆಳಗೆ ತಾನೇ ಗರಗರನೆ ತಿರುಗುತ್ತ ಅಗಲವಾಗುವದು. ಯಾರೂ ಅದನ್ನು ತಿರುಗಿಸುವದಿಲ್ಲ. ಬಡಿತದ ಓರೆಯೇ ತಿರುಗಿಸುವದು. ನಾನು ಅರವತ್ತು ವರ್ಷ ಇದನ್ನು ನೋಡುತ್ತ ಬಂದಿದ್ದರೂ ನಿಜವಾಗಿ ನೋಡಿದ್ದು ಆ ದಿನವೇ.

ಯಂತ್ರದ ವಿಷಯವಾಗಿ ಹಿಂದೊಮ್ಮೆ ಓದಿದ ಒಂದು ವೃತ್ತಾಂತವು ಆಗ ನೆನಪಿಗೆ ಬಂದಿತು. ಜಪಾನದ ಮತ್ಸುಷಿತ ಎಂಬ ಪ್ರಸಿದ್ಧ ಸಂಸ್ಥೆಯವರು 1980ರ ದಶಕದಲ್ಲಿ ಮನೆಯಲ್ಲಿಯೇ ಬ್ರೆಡ್ಡು ಮಾಡುವ ವಿದ್ಯುದ್ಯಂತ್ರವನ್ನು ರಚಿಸಹೊರಟರು. ಎಷ್ಟು ಮಾಡಿದರೂ ಬ್ರೆಡ್ಡಿನ ಹೊರಮೈ ಸುಟ್ಟು ಒಳಗೆ ಹಸಿಯಾಗಿಯೇ ಉಳಿಯುತ್ತಿದ್ದಿತು. ಆ ಸಂಸ್ಥೆಯಲ್ಲಿ ಇಕುಕೊ ತನಕಾ ಎಂಬ ಮಹಿಳೆಯಿದ್ದಳು. ಆಕೆಯು ಓಸಾಕಾ ನಗರದ ಒಂದು ದೊಡ್ಡ ಹೊಟೆಲಿನ ಮುಖ್ಯ ಬ್ರೆಡ್ಡುಗಾರನ ಬಳಿಗೆ ಹೋಗಿ ಶಿಷ್ಯಳಾಗಿ ನಿಂತಳು. ಬಹುದಿನ ನೋಡಿದ ಮೇಲೆ ಆಕೆಗೆ ತಿಳಿದದ್ದು ಇದು: ಅವನು ಹಿಟ್ಟನ್ನು ಬರಿಯೆ ಎಳೆಯುತ್ತಿರಲಿಲ್ಲ, ಎಳೆಯುವಾಗ ತಿರುಚುತ್ತಿದ್ದನು. ಆ ತಿರುಚನ್ನು ಯಂತ್ರದೊಳಗೆ ತಂದ ಮೇಲೆಯೇ ಬ್ರೆಡ್ಡು ಬ್ರೆಡ್ಡಾಯಿತು. ಇದನ್ನು ನೊನಾಕಾ, ತಾಕೆಉಚಿ ಎಂಬ ಇಬ್ಬರು ಪಂಡಿತರು 1995ರ ತಮ್ಮ ಗ್ರಂಥದಲ್ಲಿ ಬರೆದಿಟ್ಟಿರುವರು.

ಹಾಗಾದರೆ ನಮ್ಮ ಜೋಳದ ರೊಟ್ಟಿಗೆ ಯಂತ್ರ ಕಟ್ಟುವವರು ಯಾವ ತಾಯಿಯ ಹತ್ತಿರ ಶಿಷ್ಯರಾಗಿ ಕುಳಿತಿದ್ದರು? ರಾಣೆಬೆನ್ನೂರಿನಲ್ಲಿ ಜೋಳದ ರೊಟ್ಟಿಯನ್ನೇ ಮಾಡುವ ದೊಡ್ಡ ವಿದ್ಯುದ್ಯಂತ್ರವೊಂದು ನಡೆದಿದೆಯೆಂದು ಕೇಳಿದ್ದೆನು. ಹೋಗಿ ನೋಡಿಯೇ ಬರಬೇಕೆಂದು ನಿಶ್ಚಯಿಸಿದೆನು. ಮನೆಯವರು, “ಹೋಗೂದು ಹೋಗ್ತೀರಿ, ಬರಿಗೈಲೆ ಬರಬ್ಯಾಡ್ರಿ, ಅಲ್ಲಿ ಇಲ್ಲಿ ನಾಕ್ನಾಕು ರೊಟ್ಟಿ ತರ್ರಿ, ನೋಡೋಣು” ಎಂದರು.

ಹೊರಡುವ ಮೊದಲು ನಮ್ಮ ಹಾವೇರಿಯಲ್ಲಿಯೇ ಒಂದು ಸುತ್ತು ಹಾಕಿದೆನು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯ ಮುಖ್ಯಸ್ಥಳವಾದಂದಿನಿಂದ ಈ ಊರು ಬೆಳೆಯುತ್ತಲೇ ಇರುವದು. ಹೊರಗಿನವರಿಗೆ ಹಾವೇರಿಯೆಂದರೆ ಏಲಕ್ಕಿಯ ಮಾಲೆ. ಏಲಕ್ಕಿಯು ಇಲ್ಲಿ ಬೆಳೆಯುವದಿಲ್ಲ. ಘಟ್ಟದ ಕಡೆಯಿಂದ ಬರುವದು. ಇಲ್ಲಿಯದೆಂಬದು ಪೋಣಿಸುವ ಕೈ ಮಾತ್ರ. 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನವು ನೆರೆದಾಗ ಊರೆಲ್ಲ ಆ ಮಾಲೆಯ ಮಾತೇ. ರೊಟ್ಟಿಯನ್ನು ಮಾತ್ರ ಯಾರ ಕೊರಳಿಗೂ ಹಾಕಲು ಬರುವದಿಲ್ಲವಾದುದರಿಂದ ಅದಕ್ಕೆ ಅಂಥ ಮರ್ಯಾದೆಯಿಲ್ಲ.

ಆದರೆ ಮರ್ಯಾದೆಯೇ ಇರಲಿಲ್ಲವೆಂದಲ್ಲ. ಹಳಗನ್ನಡ ಕಾವ್ಯಗಳಲ್ಲಿ ಜೋಳವಾಳಿ, ಜೋಳದ ಪಾಳಿ ಎಂಬ ಮಾತುಗಳುಂಟು. ಒಡೆಯನ ಜೋಳವನ್ನುಂಡ ಬಂಟನು ಆ ಋಣಕ್ಕಾಗಿ ಪ್ರಾಣ ಕೊಡುವದೇ ಜೋಳವಾಳಿ. ಅಕ್ಕಿಯ ಋಣವೆನ್ನಲಿಲ್ಲ, ಗೋದಿಯ ಋಣವೆನ್ನಲಿಲ್ಲ ಎಂಬದನ್ನು ನೋಡಬೇಕು. ಸಂಸ್ಕೃತ ನಿಘಂಟುಗಳಲ್ಲಿ ಜೋಳಕ್ಕೆ ಯಾವನಾಲವೆಂಬ ಹೆಸರಿದ್ದರೂ ವೇದಕಾಲದ ಯಜ್ಞಗಳಲ್ಲಿ ಅದರ ಪ್ರಸ್ತಾಪವಿಲ್ಲ. ಅದು ಮೂಲತಃ ಆಫ್ರಿಕಾ ಖಂಡದ ಧಾನ್ಯ. ಯಜ್ಞದ ಪುರೋಡಾಶವು ಅಕ್ಕಿಯದೋ ಜವೆಯದೋ ಇರುತ್ತಿದ್ದಿತು. ಆದರೆ ಅದನ್ನು ಬೇಯಿಸುತ್ತಿದ್ದದ್ದು ಕಪಾಲಗಳ ಮೇಲೆ. ಅಗ್ನಿಗೆ ಎಂಟು ಕಪಾಲ. ಕಪಾಲವೆಂದರೆ ಮಣ್ಣಿನ ಹಂಚು. ನಾವು ಈಗ ಕಬ್ಬಿಣದ್ದನ್ನೂ ಹಂಚೆಂದೇ ಕರೆಯುವೆವು. ಈ ನಾಡನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗೋದಿಯ ಮಂಡಕವನ್ನು ಮಾಡುವ ಕ್ರಮವನ್ನೂ ಹೇಳಿರುವನು. ಬೆಳಗಾವಿಯ ಕಡೆಯ ಮಂಡಿಗೆಯು ಅದರ ವಂಶದ್ದೇ. ಅರಸನು ಹೇಳಿದನು ನಿಜ. ಹಿಟ್ಟನ್ನು ನಾದಿದ ಕೈ ಯಾರದೆಂಬದನ್ನು ಅವನೂ ಹೇಳಿಲ್ಲ.

ಪುರಸಿದ್ಧೇಶ್ವರನ ಗುಡಿಯು ನಮ್ಮ ಊರಿನ ಹೆಮ್ಮೆ. ಪಶ್ಚಿಮಾಭಿಮುಖವಾದ ಚಾಲುಕ್ಯರ ಕಾಲದ ಕಟ್ಟಡ. ಸಂಜೆಯ ಬಿಸಿಲು ನೇರವಾಗಿ ಬಾಗಿಲಿಗೆ ಬೀಳುವದು. ಆ ಹೊತ್ತಿನಲ್ಲಿ ಒಂದು ಓಣಿಯಲ್ಲಿ ಟಪ ಟಪ ಎಂಬ ಸಪ್ಪಳ ಕೇಳಿ ನಿಂತೆನು. ಒಬ್ಬ ತಾಯಿಯು ಮಾರುವದಕ್ಕಾಗಿ ರೊಟ್ಟಿ ಬಡಿಯುತ್ತಿದ್ದಳು. ಗಂಡನು ತೀರಿಕೊಂಡು ಒಂಬತ್ತು ವರ್ಷಗಳಾದುವಂತೆ. ಮೊದಲು ಎರಡು ಖಾನಾವಳಿಗಳಿಗೆ ದಿನಾಲು ನೂರು ನೂರು ರೊಟ್ಟಿ ಕೊಡುತ್ತಿದ್ದಳು. ಈಗ ಅವರು ಯಂತ್ರದ ರೊಟ್ಟಿ ತರಿಸುವರು. ಒಂದಕ್ಕೆ ಮೂರು ರೂಪಾಯಿ ಕಡಿಮೆ. ಈಕೆಗೆ ಮನೆಗಳ ಗಿರಾಕಿ ಮಾತ್ರ ಉಳಿದಿರುವದು.

ನಾನು ಯಂತ್ರವನ್ನು ಬೈಯುವಳೆಂದು ಎಣಿಸಿ ಕಾದೆನು. “ಮಾಸ್ತರ, ನನಗೇನ್ ಅದರ ಮ್ಯಾಲ ಸಿಟ್ಟಿಲ್ರಿ” ಎಂದಳು. “ಅದಕ್ಕ ಕೈ ನೋಯೂದಿಲ್ಲ, ನನಗ ನೋಯ್ತೈತಿ. ಆದ್ರ ಅದಕ್ಕ ಮಗಳಿಲ್ಲ, ನನಗ ಅದಾಳ.” ಮಗಳು ದಾದಿಯ ಶಿಕ್ಷಣ ಪಡೆಯುತ್ತಿರುವಳು, ಇನ್ನು ಎರಡು ವರ್ಷದ ಫೀ ಬಾಕಿಯಿದೆ. ನಾನು ನಾಲ್ಕು ರೊಟ್ಟಿಗಳನ್ನು ಕೊಂಡೆನು. ಹತ್ತನ್ನು ಕೊಳ್ಳಬಹುದಾಗಿತ್ತು ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ಮರುದಿನ ಮುಂಜಾನೆ ರೇಲ್ವೆಯಲ್ಲಿ ಹೊರಟೆನು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ಈ ದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದರ ಮುಂದೊಂದು ಬರುವವು. ನಮ್ಮ ಹಿರಿಯರು ಉಗಿಬಂಡಿಯೆನ್ನುತ್ತಿದ್ದ ಗಾಡಿಯನ್ನು ಈಗ ವಿದ್ಯುಚ್ಛಕ್ತಿಯೇ ಎಳೆಯುವದು. ರೊಟ್ಟಿಯನ್ನೂ ಅದೇ ಬಡಿಯುವದಾದರೆ ಆಶ್ಚರ್ಯವೇನು? ಕಿಡಿಕಿಯ ಹೊರಗೆ ನೋಡಿದರೆ ಹೊಲಗಳಲ್ಲಿ ಗೋವಿನಜೋಳದ ಕೂಳೆ, ಅಲ್ಲಲ್ಲಿ ಹತ್ತಿಯ ಕಟ್ಟಿಗೆ. ನಮ್ಮ ಬಾಲ್ಯದಲ್ಲಿ ಈ ಸೀಮೆಯಲ್ಲಿ ಬಿಳಿಜೋಳದ ತೆನೆಗಳು ತೂಗುತ್ತಿದ್ದುವು. ಈಗ ಹಾವೇರಿ ಜಿಲ್ಲೆಯು ಗೋವಿನಜೋಳಕ್ಕೆ ಹೆಸರಾದುದು. ಅದರಲ್ಲಿ ಬಹುಭಾಗವು ಕೋಳಿಗಳ ಆಹಾರಕ್ಕೆ ಹೋಗುವದು. ರೊಟ್ಟಿಯ ಜೋಳವನ್ನು ಹೆಚ್ಚಾಗಿ ವಿಜಯಪುರ ಗದಗಗಳ ಕರಿನೆಲದಿಂದ ತರಿಸಿ ತಿನ್ನುವೆವು. ಅಲ್ಲಿ ಹಿಂಗಾರಿಯಲ್ಲಿ ಬಿತ್ತುವ ಮಾಲದಂಡಿ ಜೋಳವು ಮಳೆಯಿಲ್ಲದೆ ನೆಲದ ಹಸಿಯನ್ನೇ ಹೀರಿ ಬೆಳೆಯುವದು. 1930ರ ದಶಕದಲ್ಲಿ ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ ಅದರೊಳಗಿಂದ ಆಯ್ದು ಶುದ್ಧಪಡಿಸಿದ ಎಂ 35-1 ಎಂಬ ತಳಿಯ ರೊಟ್ಟಿಯನ್ನೇ ಜನರು ಇಂದಿಗೂ ಮೆಚ್ಚುವರು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳದ ಗುಣಗಾನವನ್ನು ಎಲ್ಲೆಲ್ಲೂ ಕೇಳಿದೆವು. ಈ ದಾರಿಯ ಹೊಲಗಳಿಗೆ ಮಾತ್ರ ಅದು ಕೇಳಿಸಿದಂತಿಲ್ಲ.

ಗಾಡಿಯಲ್ಲಿ ಕುಳಿತು ತಾಯಿಯ ಬೀಸುಕಲ್ಲನ್ನು ನೆನೆದೆನು. ನಾನು ಚಿಕ್ಕವನಿದ್ದಾಗ ಆಕೆಯು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸಲು ಕೂಡುತ್ತಿದ್ದಳು. ನಾನು ಆಕೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ಕಲ್ಲಿನ ಗುಡುಗು ಎಲುಬಿನೊಳಗೆ ಕೇಳುತ್ತಿದ್ದಿತು, ಮೇಲೆ ಹಾಡು. ಓಣಿಗೆ ಹಿಟ್ಟಿನ ಗಿರಣಿ ಬಂದಾಗ ಆ ಹಾಡು ನಿಂತಿತು. ಬೀಸುವ ಪದಗಳು ನಷ್ಟವಾದವೆಂದು ನಾನು ಶಾಲೆಯ ಸಮ್ಮೇಳನಗಳಲ್ಲಿ ಎಷ್ಟೋ ಸಲ ಭಾಷಣ ಮಾಡಿದ್ದೇನೆ. ಆದರೆ ತಾಯಿಯು ಒಂದು ದಿವಸವೂ ಕಲ್ಲನ್ನು ನೆನೆದು ಮರುಗಿದುದನ್ನು ನಾನು ಕಾಣೆನು. ಗಿರಣಿ ಬಂದ ಮರುದಿನ ಆಕೆಯು ಸೂರ್ಯ ಮೂಡುವವರೆಗೆ ಮಲಗಿದ್ದಳು. ಏನೋ ಬೇನೆಯೆಂದು ನಾವು ಹೆದರಿದ್ದೆವು.

ಬ್ಯಾಡಗಿಯು ಹತ್ತಿರವಾದುದನ್ನು ಕಣ್ಣಿಗಿಂತ ಮೊದಲು ಮೂಗು ತಿಳಿಸುವದು. ಇಳಿದ ನಾಲ್ವರಲ್ಲಿ ಮೂವರು ಸೀನಿದೆವು. ಮಾಘದ ದಿನಗಳಲ್ಲಿ ಈ ಊರಿನ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲಗಳು ಕೋಟೆಯ ಗೋಡೆಯಂತೆ ಏಳುವವು. ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ; ಮೈಯೆಲ್ಲ ಸುಕ್ಕು. ಗಿಡ್ಡಗೆ ದಪ್ಪವಾದುದು ಡಬ್ಬಿ, ಉದ್ದಗೆ ತೆಳ್ಳಗಿನದು ಕಡ್ಡಿ. ಇದರಿಂದ ತೆಗೆದ ಕೆಂಪು ಸತ್ವವು ತಿಂಡಿಗಳಿಗೂ, ಸ್ತ್ರೀಯರ ತುಟಿಯ ಬಣ್ಣಕ್ಕೂ ಹೋಗುವದಂತೆ. 2011ರಲ್ಲಿ ಇದಕ್ಕೆ ಭೌಗೋಲಿಕ ಸೂಚಿಯ ಮಾನ್ಯತೆಯು ದೊರೆಯಿತು. ರೊಟ್ಟಿಯ ಮೇಲಿನ ಕೆಂಪು ಖಾರವು ಸನಾತನವಾದುದೆಂದು ನಾವು ತಿಳಿದಿರುವೆವು. ಮೆಣಸಿನಕಾಯಿಯಾದರೋ ಅಮೆರಿಕದಿಂದ ಪೋರ್ತುಗೀಜರು ತಂದದ್ದು. ಮಾನಸೋಲ್ಲಾಸದ ಅರಸನು ಅದರ ಮುಖವನ್ನೇ ಕಂಡಿರಲಿಲ್ಲ, ಪಾಪ! ಇದೇ ತಾಲೂಕಿನ ಕಾಗಿನೆಲೆಯ ಕನಕದಾಸರು ರಾಮಧಾನ್ಯಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ ರಾಗಿಯನ್ನು ಗೆಲ್ಲಿಸಿದರಷ್ಟೆ. ಬಡವರ ಧಾನ್ಯದ ಪರವಾಗಿ ಮಾತಾಡುವದು ಈ ನೆಲಕ್ಕೆ ಹೊಸದಲ್ಲ.

ಪೇಟೆಯಿಂದ ಸ್ವಲ್ಪ ದೂರದಲ್ಲಿ ಒಂದು ತಗಡಿನ ಮಾಡಿನ ಕೆಳಗೆ ಹತ್ತು ಜನ ಹೆಣ್ಣುಮಕ್ಕಳು ಕೂಡಿ ಕಟಕ ರೊಟ್ಟಿ ಮಾಡುವರೆಂದು ಕೇಳಿ ಅಲ್ಲಿಗೆ ಹೋದೆನು. ಇವರಲ್ಲಿ ಹಲವರು ಹಗಲಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಮಾಡಿದವರು. ಇಲ್ಲಿ ಹಿಟ್ಟು ನಾದುವದಕ್ಕೆ ಮಾತ್ರ ವಿದ್ಯುದ್ಯಂತ್ರವಿರುವದು. ದೊಡ್ಡ ಹಂಡೆಯಂಥ ಪಾತ್ರೆಯೊಳಗೆ ಕಬ್ಬಿಣದ ತೋಳೊಂದು ತಿರುಗುವದು. ಬಡಿಯುವದು ಕೈಯಿಂದ. ಆರು ಹಂಚುಗಳ ಮುಂದೆ ಆರು ಜನ ಕುಳಿತು ಬಡಿಯುವ ಸಪ್ಪಳವು ಜಡಿಮಳೆಯಂತೆ ಇದ್ದಿತು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆಯ ಅರಿವೆಯಿಂದ ನೀರು ಸವರುವರು. ನೀರು ಆರಿದೊಡನೆ ಮಗುಚುವರು. ಬೆಂದ ಮೇಲೆ ಒಲೆಯ ಬದಿಗೆ ನಿಲ್ಲಿಸಿ ತೇವವೆಲ್ಲ ಹೋಗುವಂತೆ ಒಣಗಿಸುವರು. ಹೀಗೆ ಒಣಗಿದುದು ತಿಂಗಳುಗಟ್ಟಲೆ ಕೆಡುವದಿಲ್ಲ. ಬೆಂಗಳೂರಿಗೂ ಪುಣೆಗೂ ಹೋಗುವದೆಂದು ಹೆಮ್ಮೆಯಿಂದ ಹೇಳಿದರು.

“ನಾದೂದು ಯಂತ್ರಕ್ಕ ಕೊಟ್ಟು ಬಡಿಯೂದು ನೀವ್ಯಾಕ ಇಟಗೊಂಡ್ರಿ?” ಎಂದು ಕೇಳಿದೆನು. ಅವರಲ್ಲಿ ಹಿರಿಯಳಾದವಳು ನಕ್ಕು ತನ್ನ ಅಂಗೈಗಳನ್ನು ತೋರಿಸಿದಳು. “ನಾದೂದ್ರಾಗ ರಟ್ಟಿ ಹೋಗ್ತಾವ್ರಿ ಅಜ್ಜಾರ. ಮೆಣಸಿನಕಾಯಿ ಬಿಡಿಸಿದ ಕೈಲೆ ಬಿಸಿ ಎಸರಿನ ಹಿಟ್ಟು ನಾದಿದ್ರ ರಾತ್ರಿ ನಿದ್ದಿಲ್ಲ, ಉರಿ. ಬಡಿಯೂದ್ರಾಗ ಏನೂ ಇಲ್ಲ, ಮಾತಾಡ್ಕೋತ ಬಡಿತೀವಿ.” ಯಾವ ಕೆಲಸವನ್ನು ಬಿಡಬೇಕು, ಯಾವದನ್ನು ಇಟ್ಟುಕೊಳ್ಳಬೇಕು ಎಂಬದನ್ನು ಇವರು ಯಾವ ಪಂಡಿತನನ್ನೂ ಕೇಳದೆ ನಿರ್ಣಯಿಸಿದ್ದರು. ಅಜ್ಜನೆಂದು ಕರೆದದ್ದು ಮಾತ್ರ ನನಗೆ ಸ್ವಲ್ಪ ಖಾರವಾಯಿತು. ಇಲ್ಲಿಯೂ ನಾಲ್ಕು ರೊಟ್ಟಿ ಕಟ್ಟಿಸಿಕೊಂಡೆನು. ಕಟಕ ರೊಟ್ಟಿಗೆಂದೇ ಗುರೆಳ್ಳು ಪುಡಿಯ ಒಂದು ಪುಡಿಕೆಯನ್ನು ಬಲವಂತದಿಂದ ಕೊಟ್ಟರು.

ರಾಣೆಬೆನ್ನೂರಿಗೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಈ ಊರಿನ ಬೀಜದ ವ್ಯಾಪಾರ ದೊಡ್ಡದು. ಕೃಷ್ಣಮೃಗಗಳ ಅಭಯಾರಣ್ಯವೂ ಇಲ್ಲಿಯದೇ; ಅವನ್ನು ನೋಡಲು ಅಂದು ವೇಳೆಯಿರಲಿಲ್ಲ. ನಾನು ಕೆಲಕಾಲ ಈ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕಲಿಸಿದ್ದೆನಾದುದರಿಂದ ಊರು ಪರಿಚಿತ. ವಿಚಾರಿಸುತ್ತ ಹೋಗಿ ಆ ರೊಟ್ಟಿಯ ಯಂತ್ರಶಾಲೆಯನ್ನು ಕಂಡುಹಿಡಿದೆನು.

ಒಂದೇ ಕೋಣೆ, ಉದ್ದವಾದುದು. ಒಂದು ತುದಿಯಲ್ಲಿ ನಾದುವ ಪಾತ್ರೆ. ಅಲ್ಲಿಂದ ಹಿಟ್ಟು ಎರಡು ಉರುಳೆಗಳ ನಡುವೆ ಇಳಿದು ಹಾಳೆಯಂತಾಗಿ ಬರುವದು. ಒಂದು ದುಂಡನೆಯ ಅಚ್ಚು ಅದನ್ನು ಕತ್ತರಿಸುವದು. ಉಳಿದ ಚೂರುಗಳು ಹಿಂದಕ್ಕೆ ಹೋಗಿ ಮತ್ತೆ ಹಿಟ್ಟಿಗೆ ಸೇರುವವು. ಕತ್ತರಿಸಿದ ರೊಟ್ಟಿಗಳು ಸರಪಳಿಯ ಹಾಸಿನ ಮೇಲೆ ಸಾಲಾಗಿ ಮಲಗಿ, ಗ್ಯಾಸಿನ ಉರಿಯ ಮೇಲೆ ಮೆಲ್ಲಗೆ ಸಾಗಿ, ಮಗುಚಿಕೊಂಡು, ಕೊನೆಗೆ ಉಬ್ಬಿ ಹೊರಬೀಳುವವು. ಎಲ್ಲವೂ ಒಂದೇ ಅಳತೆ, ನಾಣ್ಯಗಳಂತೆ. ತಾಸಿಗೆ ಐದುನೂರು ಆಗುವವೆಂದು ಅಲ್ಲಿಯ ಹುಡುಗನೊಬ್ಬನು ಹೇಳಿದನು. ನಮ್ಮ ಮನೆಯಲ್ಲಿ 35 ವರ್ಷದಲ್ಲಿ ಆದ ಕೆಲಸ ಇದಕ್ಕೆ ಸುಮಾರು 383 ತಾಸಿನದು.

ನಾನು ಈ ಭಾಗಾಕಾರದಲ್ಲಿರುವಾಗಲೇ ಒಳಗಿನಿಂದ ಒಬ್ಬ ಹೆಣ್ಣುಮಗಳು ಬಂದು ನನ್ನ ಮುಖವನ್ನು ನೋಡಿ, “ಸರ, ನೀವಲ್ರೀ?” ಎಂದು ಬಾಗಿ ಕಾಲು ಮುಟ್ಟಿದಳು. ಯಾರೆಂದು ಹೊಳೆಯಲಿಲ್ಲ. “ಒಂಬತ್ತನೇ ಇಯತ್ತೇದಾಗ ದಿನಾ ತಡಾ ಮಾಡಿ ಬರ್ತಿದ್ನಲ್ರಿ. ನೀವು ಹೊರಗ ನಿಂದ್ರಸ್ತಿದ್ರಿ” ಎಂದು ನಗುತ್ತ ಹೇಳಿದಳು.

ಆಗ ನೆನಪಾಯಿತು. ಮೊದಲನೆಯ ತಾಸು ನನ್ನದೇ. ಘಂಟೆ ಹೊಡೆದ ಹತ್ತು ಮಿನಿಟಿಗೆ ಈ ಹುಡುಗಿ ಓಡುತ್ತ ಬರುತ್ತಿದ್ದಳು. ತೋಳಿನ ಮೇಲೆ, ಜಡೆಯ ಮೇಲೆ ಏನೋ ಬೆಳ್ಳಗೆ ಮೆತ್ತಿರುತ್ತಿದ್ದಿತು. ಶಿಸ್ತೆಂಬದನ್ನು ನಾನು ಬಹಳ ನಂಬಿದವನು. ಬಾಗಿಲ ಹೊರಗೆ ನಿಲ್ಲಿಸಿ ಪಾಠ ನಡೆಸುತ್ತಿದ್ದೆನು. ಆ ಬೆಳ್ಳಗಿನದು ಜೋಳದ ಹಿಟ್ಟೆಂಬದು, ತಾಯಿಯು ಹೊಲದ ಕೆಲಸಕ್ಕೆ ಹೋದ ಮೇಲೆ ಎಂಟು ಜನರ ಮನೆಗೆ ಮೂವತ್ತು ರೊಟ್ಟಿ ಬಡಿದು ಈ ಹುಡುಗಿ ಎರಡು ಮೈಲು ಓಡಿ ಬರುತ್ತಿದ್ದಳೆಂಬದು ನನಗೆ ತಿಳಿದಿರಲಿಲ್ಲ. ತಿಳಿದಿರಲಿಲ್ಲವೆನ್ನುವದಕ್ಕಿಂತ ಕೇಳಲಿಲ್ಲವೆನ್ನುವದು ಸರಿ. ಅದೇ ಶಾಲೆಯಲ್ಲಿ ವರ್ಷಕ್ಕೊಮ್ಮೆ “ಯಂತ್ರವು ವರವೋ ಶಾಪವೋ” ಎಂದು ಚರ್ಚಾಸ್ಪರ್ಧೆಯನ್ನು ನಾನೇ ಏರ್ಪಡಿಸುತ್ತಿದ್ದೆನು. ಹುಡುಗರು ಎರಡೂ ಪಕ್ಷಗಳಲ್ಲಿ ನಿಂತು ಗರ್ಜಿಸುತ್ತಿದ್ದರು. ಅವರೆಲ್ಲ ಯಾರೋ ಬಡಿದ ರೊಟ್ಟಿ ತಿಂದು ವೇಳೆಗೆ ಸರಿಯಾಗಿ ಬಂದವರು.

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆಕೆಯೇ ಚಹಾ ತರಿಸಿ, ಕುಳ್ಳಿರಿಸಿ, ತನ್ನ ಕಥೆಯನ್ನು ಹೇಳಿದಳು. ಕೇಂದ್ರ ಸರಕಾರವು 2020ರಲ್ಲಿ ಕಿರು ಆಹಾರ ಉದ್ಯಮಗಳಿಗಾಗಿ ಆರಂಭಿಸಿದ ಯೋಜನೆಯಲ್ಲಿ ಸಾಲದೊಡನೆ ವೆಚ್ಚದ ಶೇಕಡಾ 35ರಷ್ಟು, 10 ಲಕ್ಷ ರೂಪಾಯಿಗಳಿಗೆ ಮೀರದಂತೆ, ಸಹಾಯಧನವಿದ್ದಿತು. ಅದರಿಂದ ಈ ಯಂತ್ರವನ್ನು ಕೊಂಡಳು. ಅದು ಬಂದಾಗ ಮೊದಲ ದಿನದ ರೊಟ್ಟಿಗಳೆಲ್ಲ ಸೀಳಿದುವು. ಕಟ್ಟಿದವರು ಚಪಾತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದರಂತೆ. ಜೋಡಿಸಲು ಬಂದಿದ್ದ ಮೆಕ್ಯಾನಿಕನು ಹಿಟ್ಟಿನದೇ ತಪ್ಪೆಂದನು. “ನಾ ಅವನ್ನ ಎಂಟು ದಿವಸ ಹೋಗಗೊಡಲಿಲ್ರಿ ಸರ. ಎಸರು ಎಷ್ಟು ಕಾಯಬೇಕು, ಹಿಟ್ಟು ಎಷ್ಟೊತ್ತು ತಿರುಗಬೇಕು, ಉರುಳಿ ನಡುವ ಎಷ್ಟು ಸಂದು ಬಿಡಬೇಕು, ಎಲ್ಲಾ ನನ್ನ ಕೈಲೆ ಮುಟ್ಟಿ ಮುಟ್ಟಿ ಹೇಳಿದೆ. ಅಂವ ಬರಕೊಂಡ. ಈಗ ಬ್ಯಾರೆ ಊರಿಗೆ ಕಳಸೂ ಯಂತ್ರಾನೂ ಹಂಗ ಮಾಡ್ತಾರಂತ.”

ಜಪಾನದಲ್ಲಿ ಯಂತ್ರದವಳು ಬ್ರೆಡ್ಡುಗಾರನನ್ನು ಹುಡುಕಿಕೊಂಡು ಹೋದಳು. ಇಲ್ಲಿ ಯಂತ್ರದವನನ್ನು ರೊಟ್ಟಿಯವಳೇ ಹಿಡಿದು ಕೂಡಿಸಿಕೊಂಡಳು. ಓಸಾಕಾದ ಹೆಸರು ಗ್ರಂಥದಲ್ಲಿ ಬಂದಿರುವದು. ಇವಳ ಹೆಸರನ್ನು ಆ ಮೆಕ್ಯಾನಿಕನು ತನ್ನ ವಹಿಯಲ್ಲಿ ಬರೆದುಕೊಂಡನೋ ಇಲ್ಲವೋ.

ಅಷ್ಟರಲ್ಲಿ ವಿದ್ಯುತ್ತು ಹೋಯಿತು. ಸರಪಳಿಯು ನಿಂತಿತು, ಆದರೆ ಉರಿ ನಿಲ್ಲಲಿಲ್ಲ. ಹುಡುಗನು ಗ್ಯಾಸು ಮುಚ್ಚಲು ಓಡಿದನು. ಈಕೆಯು ಚಹದ ಬಟ್ಟಲನ್ನು ಕೆಳಗಿಟ್ಟು ಎದ್ದವಳೇ ಸುಡುವ ಹಾಸಿನಿಂದ ಬರಿಬೆರಳುಗಳಲ್ಲಿ ರೊಟ್ಟಿಗಳನ್ನು ಟಕಟಕನೆ ಎತ್ತಿ ಹಾಕಿದಳು. ಇಪ್ಪತ್ತಿರಬಹುದು, ಒಂದೂ ಸುಡಲಿಲ್ಲ. ಆ ಬೆರಳುಗಳ ವೇಗವನ್ನು ನೋಡಿ, ನನ್ನ ಬಾಗಿಲ ಹೊರಗೆ ನಿಂತಿದ್ದ ಕೈಗಳು ಇವೇ ಎಂದು ತಿಳಿದೆನು.

ಹೊರಡುವಾಗ, “ತಂಗಿ, ಆಗ ನಾನು ಕೇಳಬೇಕಾಗಿತ್ತು” ಎಂದೆನು. “ಇರಲಿ ಬಿಡ್ರಿ ಸರ. ಹೊರಗ ನಿಂತರೂ ಕೇಳಸ್ತಿತ್ತು, ಶಬ್ದರೂಪ ಎಲ್ಲಾ ಬಾಯಿಪಾಠ ಅದಾವ ನನಗ” ಎಂದಳು. ಇಲ್ಲಿ ಕೆಲಸ ಮಾಡುವ ನಾಲ್ಕು ಹುಡುಗಿಯರು ಸಂಜೆಯ ಪಾಳಿಯವರು. ಮುಂಜಾನೆ ಅವರು ಕಾಲೇಜಿಗೆ ಹೋಗುವರಂತೆ. ಹಾವೇರಿಯ ಖಾನಾವಳಿಗಳಿಗೆ ರೊಟ್ಟಿ ಹೋಗುವದು ಇಲ್ಲಿಂದಲೇ ಎಂಬದೂ ಮಾತಿನಲ್ಲಿ ತಿಳಿಯಿತು. ಓಣಿಯ ಆ ತಾಯಿಯ ವಿಷಯವನ್ನು ನಾನು ಹೇಳಿದೆನು. ಆಕೆ ಬಹಳ ಹೊತ್ತು ಸುಮ್ಮನಿದ್ದಳು. “ಅವರು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡ್ತಾರೇನ್ರಿ? ಅದು ಈ ಯಂತ್ರಕ್ಕ ಬರೂದಿಲ್ಲ, ಕೇಳೋರು ಬಹಳ ಅದಾರ” ಎಂದು ಒಂದು ಚೀಟಿಯ ಮೇಲೆ ತನ್ನ ಫೋನಿನ ಸಂಖ್ಯೆಯನ್ನು ಬರೆದುಕೊಟ್ಟಳು. ಆ ಚೀಟಿಯನ್ನು ಮರುದಿನವೇ ಓಣಿಗೆ ಮುಟ್ಟಿಸಿದೆನು. ಈಗ ವಾರಕ್ಕೆ ಎರಡು ಸಲ ಸಜ್ಜೆಯ ರೊಟ್ಟಿ ರಾಣೆಬೆನ್ನೂರಿಗೆ ಹೋಗುತ್ತಿರುವದು. ನೂರಲ್ಲ, ನಲವತ್ತು ಐವತ್ತು. ಮಗಳ ಫೀಗೆ ಸಾಲುವಷ್ಟಲ್ಲ.

ರಾತ್ರಿ ಮನೆಗೆ ಬಂದು ಮೂರು ಊರುಗಳ ರೊಟ್ಟಿಗಳನ್ನು ಮನೆಯವರ ಮುಂದೆ ಇಟ್ಟೆನು. ಯಾವದು ಎಲ್ಲಿಯದೆಂದು ಹೇಳಲಿಲ್ಲ. ಅವರು ತಿನ್ನಲಿಲ್ಲ, ಮೊದಲು ಮುರಿದರು, ಸಪ್ಪಳ ಕೇಳಿದರು, ಮೂಸಿದರು, ಬೆಳಕಿಗೆ ಹಿಡಿದರು. ಹಾವೇರಿಯದನ್ನು ಹಿಡಿದು, “ಪಾಪ, ಈಕಿ ಕೈನೂ ನೋಯ್ತೈತಿ, ಒಂದು ಮಗ್ಗಲಾ ದಪ್ಪ ಐತಿ ನೋಡ್ರಿ” ಎಂದರು. ಬ್ಯಾಡಗಿಯದಕ್ಕೆ ತಲೆಯಾಡಿಸಿದರು. ಯಂತ್ರದ್ದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು. ನಾನು ಅವರು ಅದನ್ನು ತಳ್ಳಿಹಾಕುವರೆಂದೇ ಕಾಯುತ್ತಿದ್ದೆನು. ತಳ್ಳಿಹಾಕಲಿ ಎಂಬ ಆಸೆಯೂ ಒಳಗೆ ಇದ್ದಿತೆಂದು ಒಪ್ಪಿಕೊಳ್ಳಬೇಕು.

“ಎಸರು ಒಂಚೂರು ಸಾಲದು. ಉಳದದ್ದೆಲ್ಲಾ ಬೇಷ್ ಐತಿ” ಎಂದರು. ಆಮೇಲೆ, “ದಿನದಿನಕ್ಕ ಇದು ಸಾಕು ಬಿಡ್ರಿ. ನಾಳಿಂದ ಇದನ್ನ ತರಸೋಣು” ಎಂದರು.

ನನಗೆ ಆಶ್ಚರ್ಯವಾಯಿತು. ವೈದ್ಯರು ಹೇಳಿದಾಗ ಕೇಳದವರು, ಮಗನು ಯಂತ್ರ ಕಳಿಸಿದಾಗ ಒಲ್ಲೆನೆಂದವರು! ಹಾಗೆಂದೇ ಕೇಳಿದೆನು.

“ಡಾಕ್ಟರ ಬಡೀಬ್ಯಾಡ ಅಂದ್ರು. ಮಗ ಯಂತ್ರಾ ಕಳಿಸಿದ. ಯಾರರೆ, ನಿನಗ ಬಡದು ಬಡದು ಸಾಕಾಗೇತೇನು ಅಂತ ಕೇಳಿದ್ರೇನ್ರಿ? ಮತ್ತ, ಬಡೀದಿದ್ರ ನೀವೇನ್ ತಿಂತಿದ್ರಿ?”

ಇದಕ್ಕೆ ಯಾವ ಶಬ್ದರೂಪದಲ್ಲಿಯೂ ಉತ್ತರವಿರಲಿಲ್ಲ. ಎಸರಿನ ಮಾತನ್ನು ರಾಣೆಬೆನ್ನೂರಿಗೆ ಫೋನಿನಲ್ಲಿ ತಿಳಿಸಿದೆನು. ಮುಂದಿನ ವಾರದ ಗಂಟಿನಲ್ಲಿ ಬಂದ ರೊಟ್ಟಿಯನ್ನು ಮುರಿದು ನೋಡಿ ಮನೆಯವರು ಸುಮ್ಮನಾದರು. ಅವರ ಸುಮ್ಮನಾಗುವಿಕೆಯು ಪ್ರಶಸ್ತಿಪತ್ರಕ್ಕೆ ಸಮ. ಮಗನು ಕಳಿಸಿದ ಯಂತ್ರವು ಮೊಮ್ಮಗನು ಬಂದಾಗ ಚಪಾತಿಗೆ ಒದಗುವದು.

ಶ್ರಾವಣ ಬಂದಿತು. ನಾಗಪಂಚಮಿಗೆ ನಮ್ಮಲ್ಲಿ ಹಂಚು ಇಡುವದಿಲ್ಲವಾದುದರಿಂದ ಮೊದಲೇ ರೊಟ್ಟಿ ಬಡಿದಿಟ್ಟು, ರೊಟ್ಟಿ ಹಬ್ಬದ ದಿನ ನೆರೆಹೊರೆಗೆ ಬೀರುವ ಪದ್ಧತಿ. ಆ ದಿವಸ ಕೊಂಡು ತಂದದ್ದನ್ನು ಬೀರಲು ಮನೆಯವರು ಒಪ್ಪಲಿಲ್ಲ. ಬೀರುವದು ತಮ್ಮ ಕೈಯದೇ ಆಗಬೇಕು. ನಾದುವ ಕೆಲಸ ನನ್ನ ಪಾಲಿಗೆ ಬಂದಿತು. ಎಸರು ಬಿದ್ದ ಹಿಟ್ಟಿನೊಳಗೆ ಮೊದಲ ಸಲ ಕೈಯಿಟ್ಟು, ಬ್ಯಾಡಗಿಯ ಹೆಂಗಸರು ಹೇಳಿದ ಉರಿಯೆಂದರೇನೆಂಬದನ್ನು ಮೆಣಸಿನಕಾಯಿಯಿಲ್ಲದೆಯೇ ಅರಿತೆನು. ಅವರು ಹನ್ನೊಂದು ರೊಟ್ಟಿ ಬಡಿದು ನಿಲ್ಲಿಸಿದರು. ಹತ್ತು ಓಣಿಗೆ ಹಂಚಿಹೋದುವು. ಹನ್ನೊಂದನೆಯದನ್ನು ಅರಿವೆಯಲ್ಲಿ ಸುತ್ತಿ, ಮೇಲೆ ಶೇಂಗಾ ಹಿಂಡಿಯ ಪುಡಿಕೆಯನ್ನಿಟ್ಟು, ಮಧ್ಯಾಹ್ನದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟೆನು. ರಾಣೆಬೆನ್ನೂರಿನ ನಿಲ್ದಾಣದಲ್ಲಿ ಆ ಹುಡುಗನು ಇಸಿದುಕೊಳ್ಳಲು ನಿಂತಿರುವನೆಂದು ಫೋನು ಬಂದಿದ್ದಿತು. “ಏನೈತ್ರಿ ಇದರಾಗ?” ಎಂದು ಕಂಡಕ್ಟರನು ಕೇಳಿದನು. ರೊಟ್ಟಿಯೆಂದೆನು. “ರಾಣೆಬೆನ್ನೂರಾಗ ರೊಟ್ಟಿ ಸಿಗೂದಿಲ್ಲೇನ್ರಿ?” ಎಂದು ನಕ್ಕು ಅದನ್ನು ತನ್ನ ಆಸನದ ಮೇಲೆ, ಮುರಿಯದಂತೆ, ಗೋಡೆಗೆ ಆನಿಸಿ ಇಟ್ಟನು.